ಸೋರಿದ ಸೀಲಿಗೂ ಒಂದು ಮಹಜರು ಬೇಕು

ಪಂಪ್ ಸೋರತೊಡಗಿದರೆ ನಮ್ಮಲ್ಲಿ ಮೊದಲು ಕೇಳಿಬರುವ ಮಾತು, "ಸೀಲ್ ಹೋಗಿದೆ, ಹೊಸದು ಹಾಕಿ" ಎಂಬುದು. ಹೊಸ ಸೀಲ್ ಬರುತ್ತದೆ, ಹಳೆಯದು ಗುಜರಿ ಡಬ್ಬಕ್ಕೆ ಬೀಳುತ್ತದೆ, ಪಂಪ್ ತಿರುಗುತ್ತದೆ. ಕೆಲವು ವಾರ ಕಳೆದ ಮೇಲೆ ಅದೇ ಜಾಗದಲ್ಲಿ ಮತ್ತೆ ತೊಟ್ಟಿಕ್ಕಲು ಶುರುವಾದರೆ ಬೈಗುಳ ಸೀಲ್ ಮಾರಿದ ಅಂಗಡಿಗೆ, ಇಲ್ಲವೇ ಅದನ್ನು ಕೂರಿಸಿದ ಮೆಕ್ಯಾನಿಕ್‌ಗೆ. ಆದರೆ ಸೀಲ್ ತಾನಾಗಿ ವಯಸ್ಸಾಗಿ ಸಾಯುವುದು ಕಡಿಮೆ. ಬಹುತೇಕ ಸಲ ಅದನ್ನು ಇನ್ನೇನೋ ಕೊಂದಿರುತ್ತದೆ: ಸವೆದ ಬೇರಿಂಗ್, ಓರೆಯಾಗಿ ಕೂತ ಕಪ್ಲಿಂಗ್, ಖಾಲಿ ಪಂಪ್ ಓಡಿಸಿದ ಒಂದು ರಾತ್ರಿ, ಹೊಳೆಯ ಮರಳು, ಹೊಂದದ ರಬ್ಬರ್. ಕೊಂದದ್ದು ಯಾವುದು ಎಂಬ ಗುರುತು ಸತ್ತ ಸೀಲಿನ ಮೈಮೇಲೆಯೇ ಉಳಿದಿರುತ್ತದೆ. ಅಸಹಜ ಸಾವಾದಲ್ಲಿ ಮಹಜರು ಮಾಡದೆ ಹೆಣ ಎತ್ತುವುದಿಲ್ಲವಲ್ಲ, ಸಾರ್ವಜನಿಕರ ದುಡ್ಡಿನಲ್ಲಿ ಓಡುವ ಪಂಪಿನ ಸೀಲಿಗೂ ಅಂಥದೊಂದು ಮಹಜರು ಕಡ್ಡಾಯವಾಗಬೇಕು. ಕಾರಣ ಬರೆದಿಡದೆ ಹೊಸ ಸೀಲ್ ಹಾಕಬಾರದು, ಬಿಚ್ಚಿದ್ದನ್ನು ನೋಡದೆ ಎಸೆಯಬಾರದು ಎಂಬುದು ನನ್ನ ವಾದ.

ಈ ಮೆಕ್ಯಾನಿಕಲ್ ಸೀಲ್ ಎಂಬುದು ಏನು? ಮೋಟರ್ ಹೊರಗಿದೆ, ನೀರು ಒಳಗಿದೆ, ಎರಡನ್ನೂ ಸೇರಿಸುವ ಶಾಫ್ಟ್ ಪಂಪಿನ ಗೋಡೆಯನ್ನು ತೂರಿ ಹೋಗಬೇಕು. ತಿರುಗುವ ಶಾಫ್ಟ್‌ಗೆ ತೂತು ಬಿಟ್ಟರೆ ಆ ತೂತಿನಲ್ಲಿ ನೀರು ಹೊರಗೆ ಬರುತ್ತದೆ. ಅದನ್ನು ತಡೆಯಲು ಎರಡು ಬಳೆಗಳನ್ನು ಮುಖಕ್ಕೆ ಮುಖ ಒತ್ತಿ ಕೂರಿಸಿರುತ್ತಾರೆ. ಒಂದು ಶಾಫ್ಟ್ ಜೊತೆ ತಿರುಗುತ್ತದೆ, ಇನ್ನೊಂದು ಅಲುಗದೆ ಕೂತಿರುತ್ತದೆ. ಒಂದು ಸಾಮಾನ್ಯವಾಗಿ ಕಾರ್ಬನ್‌ನದು, ಇನ್ನೊಂದು ಸೆರಾಮಿಕ್, ಸಿಲಿಕಾನ್ ಕಾರ್ಬೈಡ್‌ನಂಥ ಗಟ್ಟಿ ವಸ್ತುವಿನದು. ಹಿಂದಿನಿಂದ ಸ್ಪ್ರಿಂಗ್ ನೂಕುತ್ತದೆ, ಸುತ್ತಲೂ ರಬ್ಬರಿನ ಓ-ರಿಂಗ್ ಕಾಯುತ್ತದೆ. ಈ ಮುಖಗಳನ್ನು ಎಷ್ಟು ಸಪಾಟಾಗಿ ಉಜ್ಜಿರುತ್ತಾರೆಂದರೆ, ಏರುತಗ್ಗನ್ನು ಅಳೆಯುವುದು ಹೀಲಿಯಂ ಬೆಳಕಿನ ಪಟ್ಟಿಗಳಲ್ಲಿ. ಒಂದು ಪಟ್ಟಿ ಎಂದರೆ 0.29 ಮೈಕ್ರಾನ್, ತಲೆಗೂದಲಿನ ದಪ್ಪ ಐವತ್ತು ಮೈಕ್ರಾನ್‌ಗೂ ಮೇಲೆ. ಇಷ್ಟಾದರೂ ಮುಖಗಳು ಒಣಗಿ ತಿಕ್ಕಾಡುವಂತಿಲ್ಲ. ಪಂಪ್ ಎತ್ತುವ ದ್ರವವೇ ತೆಳ್ಳನೆಯ ಪೊರೆಯಾಗಿ ಅವುಗಳ ನಡುವೆ ನಿಂತು ಜಾರಿಸುತ್ತದೆ, ತಂಪಾಗಿಡುತ್ತದೆ. 50 ಮಿ.ಮೀ. ಶಾಫ್ಟ್ ನಿಮಿಷಕ್ಕೆ 1,450 ಸುತ್ತು ತಿರುಗಿದರೆ ಮುಖಗಳು ಸೆಕೆಂಡಿಗೆ ಸುಮಾರು 3.8 ಮೀಟರ್ ವೇಗದಲ್ಲಿ ಒಂದರ ಮೇಲೊಂದು ಜಾರುತ್ತವೆ. ಆ ಪೊರೆ ಹರಿದರೆ ಉಳಿಯುವುದು ಬೆಂಕಿ ಮಾತ್ರ. ಟ್ರ್ಯಾಕ್ಟರಿನ ವಾಟರ್ ಪಂಪ್ ಬಿಚ್ಚಿದವರು ಈ ಸೀಲನ್ನು ನೋಡಿರುತ್ತಾರೆ. ರೈತರು ಮೋನೋಬ್ಲಾಕ್ ಪಂಪಿನಲ್ಲಿ 'ವಾಟರ್ ಸೀಲ್' ಎನ್ನುವುದೂ ಇದೇ ಜಾತಿಯದು.

ನಮ್ಮ ಹಾಸನ ಜಿಲ್ಲೆಯಲ್ಲಿ ಈ ಸಣ್ಣ ಬಳೆಯ ಮೇಲೆ ನಿಂತಿರುವ ಬದುಕು ಸಣ್ಣದಲ್ಲ. ಹಾಸನದ ಹಾಲು ಒಕ್ಕೂಟ ಚಿಕ್ಕಮಗಳೂರು, ಕೊಡಗು ಸೇರಿ ಮೂರು ಜಿಲ್ಲೆಗಳ ಹಾಲನ್ನು ಕೈ ಸೋಕದಂತೆ ಪಂಪ್‌ಗಳಿಂದಲೇ ಸಾಗಿಸಬೇಕು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರೀನಿವಾಸಪುರದಲ್ಲಿ ಸಕ್ಕರೆ ಕಾರ್ಖಾನೆಯಿದೆ. ಕಬ್ಬಿನ ರಸ, ಪಾಕ, ಕಾಕಂಬಿ ಎಲ್ಲವೂ ಪಂಪ್ ದಾಟಿಯೇ ಮುಂದೆ ಹೋಗಬೇಕು. ಮಂಗಳೂರಿನಿಂದ ಘಟ್ಟ ಹತ್ತಿ ಹಾಸನದ ಮೂಲಕ ಬೆಂಗಳೂರಿಗೆ ಹೋಗುವ, 360 ಕಿ.ಮೀ. ಆಸುಪಾಸಿನ ಪೆಟ್ರೋಲ್–ಡೀಸೆಲ್ ಕೊಳವೆಮಾರ್ಗ 2003ರಿಂದ ಓಡುತ್ತಿದೆ. ಗೊರೂರಿನ ಹೇಮಾವತಿ ಜಲಾಶಯದ ನೀರು ಹಾಸನದ ನಲ್ಲಿಗಳಿಗೆ ಬರುವುದೂ ಪಂಪಿನಿಂದಲೇ. ಸಕಲೇಶಪುರ ತಾಲ್ಲೂಕಿನಲ್ಲಿ ಎತ್ತಿನಹೊಳೆ ನೀರನ್ನು ಮೇಲೆತ್ತುವ ಯಂತ್ರಗಳು 2024ರ ಸೆಪ್ಟೆಂಬರ್‌ನಲ್ಲಿ ಚಾಲೂ ಆದವು. ಅರಕಲಗೂಡಿನ ಆಲೂಗೆಡ್ಡೆ ಹೊಲದಿಂದ ಚನ್ನರಾಯಪಟ್ಟಣದ ತೆಂಗಿನ ತೋಟದವರೆಗೆ ಇರುವ ರೈತರ ಪಂಪ್‌ಗಳನ್ನು ಎಣಿಸಿ ಮುಗಿಸಲಾಗದು. ಎಲ್ಲ ಕಡೆ ಇರುವುದು ಒಂದೇ ಬಗೆಯ ಸೀಲ್ ಅಲ್ಲ, ಕೆಲವು ಕಡೆ ಸೀಲ್ ಬದಲು ಶಾಫ್ಟಿನ ಸುತ್ತ ಸುತ್ತಿ ಬಿಗಿದ ಗ್ಲ್ಯಾಂಡ್ ಹಗ್ಗವೇ ಇರುತ್ತದೆ. ಆದರೆ ಸೋರಿಕೆ ಬಂದಾಗ ನಾವು ಮಾಡುವ ತಪ್ಪು ಎಲ್ಲ ಕಡೆಯೂ ಒಂದೇ.

ಸೀಲ್ ಎಂದರೆ ಬಲ್ಬಿನ ಹಾಗೆ, ಹೋದಾಗ ಬದಲಿಸಬೇಕಾದದ್ದು ಎಂಬ ನಂಬಿಕೆಯೇ ಈ ತಪ್ಪಿನ ಬೇರು. ಅದು ಸುಳ್ಳು ಎನ್ನಲು ತೈಲೋದ್ಯಮ ಸಾಕ್ಷಿಯಾಗಿದೆ. ಪೆಟ್ರೋಲಿಯಂ ಪಂಪ್‌ಗಳ ಸೀಲಿಗೆಂದು ಅಮೆರಿಕದ ಪೆಟ್ರೋಲಿಯಂ ಸಂಸ್ಥೆ 1994ರಲ್ಲಿ ಎಪಿಐ 682 ಎಂಬ ಮಾನಕವನ್ನು ಹೊರತಂದಿತು. ಸೀಲ್ 25,000 ಗಂಟೆ, ಅಂದರೆ ಸುಮಾರು ಮೂರು ವರ್ಷ, ಬಿಚ್ಚದೆ ಓಡಬೇಕು ಎಂಬುದು ಆ ಮಾನಕದ ಗುರಿ. ಇಂಥ ಗುರಿಯನ್ನು ಒಳ್ಳೆಯ ಕಾರ್ಬನ್ ಒಂದೇ ತಲುಪಿಸಲಾರದು. ಸೀಲಿಗೆ ಶುದ್ಧ ದ್ರವ ಹರಿಸುವ ಕೊಳವೆ ಹೇಗಿರಬೇಕು, ಶಾಫ್ಟ್ ಎಷ್ಟಕ್ಕಿಂತ ಹೆಚ್ಚು ಅಲುಗಬಾರದು, ಯಾವ ದ್ರವಕ್ಕೆ ಯಾವ ರಬ್ಬರ್ ಎಂಬುದನ್ನೆಲ್ಲ ಸೀಲ್ ಕೊಳ್ಳುವ ಮೊದಲೇ ಕೂತು ತೀರ್ಮಾನಿಸುವುದರಿಂದ ಅದು ಸಾಧ್ಯವಾಗುತ್ತದೆ. ವರ್ಷಗಟ್ಟಲೆ ಬಾಳಬಲ್ಲ ವಸ್ತು ಇನ್ನೊಂದು ಕಡೆ ಮೂರು ತಿಂಗಳಿಗೆ ಹೋಗುತ್ತಿದ್ದರೆ ವಸ್ತುವನ್ನು ಅನುಮಾನಿಸುವ ಮೊದಲು ಅದರ ಸುತ್ತಮುತ್ತ ನೋಡಬೇಕು.

ಬಿಚ್ಚಿದ ಸೀಲ್ ಏನು ಹೇಳುತ್ತದೆ? ಗಟ್ಟಿ ಮುಖದ ಮೇಲೆ ಕಾರ್ಬನ್ ಉಜ್ಜಿದ ಗುರುತು ಬಳೆಯಂತೆ ಮೂಡಿರುತ್ತದೆ. ಆ ಗುರುತಿನ ಅಗಲ ಕಾರ್ಬನ್ ಮೂತಿಯ ಅಗಲಕ್ಕೆ ಸರಿಯಾಗಿದ್ದರೆ ಶಾಫ್ಟ್ ನೇರವಾಗಿ ತಿರುಗಿದೆ. ಗುರುತು ಅದಕ್ಕಿಂತ ಅಗಲವಾಗಿದ್ದರೆ ಶಾಫ್ಟ್ ಓಲಾಡಿದೆ: ಬೇರಿಂಗ್ ಸಡಿಲ, ಶಾಫ್ಟ್ ಬಾಗು, ಅಥವಾ ಕಪ್ಲಿಂಗ್ ಓರೆ. ಗುರುತು ಒಂದು ಮಗ್ಗುಲಲ್ಲಿ ಮಾತ್ರ ಗಾಢವಾಗಿದ್ದರೆ ನಿಂತ ಬಳೆ ತನ್ನ ಗುಂಡಿಯಲ್ಲಿ ಸಮನಾಗಿ ಕೂತಿಲ್ಲ; ಬೋಲ್ಟ್‌ಗಳನ್ನು ಒಂದೇ ಕಡೆ ಬಿಗಿದಿರಬಹುದು, ಪೈಪಿನ ಭಾರ ಪಂಪಿನ ಮೇಲೆ ಬಿದ್ದು ಮೈ ತಿರುಚಿರಬಹುದು. ಗಟ್ಟಿ ಮುಖದಲ್ಲಿ ನಡುವಿನಿಂದ ಹೊರಕ್ಕೆ ಕೂದಲೆಳೆ ಬಿರುಕುಗಳಿದ್ದರೆ ಅದು ಒಣಗಿ ಕಾದು, ಮೇಲೆ ನೀರು ಬಿದ್ದು ಸಿಡಿದದ್ದು. ಗ್ರಾಮಫೋನ್ ತಟ್ಟೆಯಂತೆ ಗೀರುಗಳಿದ್ದರೆ ಮರಳು. ಕಾರ್ಬನ್ನಿನ ಅಂಚು ಚೂರುಚೂರಾಗಿ ಉದುರಿದ್ದರೆ ಮುಖಗಳ ನಡುವೆ ದ್ರವ ಆವಿಯಾಗಿ ಪುಟಿದು ಮುಖಗಳು ಬಡಿದಾಡಿವೆ. ಓ-ರಿಂಗ್ ಉಬ್ಬಿದ್ದರೆ ದ್ರವಕ್ಕೆ ಆ ರಬ್ಬರ್ ಆಗಿಬರುತ್ತಿಲ್ಲ, ಒಣಗಿ ಒಡೆದಿದ್ದರೆ ಶಾಖ ಹೆಚ್ಚಾಗಿದೆ, ಒಂದು ಕಡೆ ಚಾಕುವಿನಲ್ಲಿ ಕೊಯ್ದಂತಿದ್ದರೆ ಕೂರಿಸುವಾಗ ಶಾಫ್ಟಿನಲ್ಲಿ ಕೀಲಿ ಕೂರುವ ತೋಡಿನ ಅಂಚು ತಾಗಿದೆ. ಮುಖಗಳೆರಡೂ ಹೊಸದರಂತೆ ಫಳಫಳ ಹೊಳೆಯುತ್ತಿದ್ದು ಪಂಪ್ ಮಾತ್ರ ಸೋರಿದ್ದರೆ ಮುಖವನ್ನು ಬಿಟ್ಟು ಸ್ಪ್ರಿಂಗ್ ನೋಡಬೇಕು. ಕಸ ಕಟ್ಟಿ ಅದು ನೂಕುವುದನ್ನೇ ನಿಲ್ಲಿಸಿರುತ್ತದೆ. ಇವುಗಳಲ್ಲಿ ಹೆಚ್ಚಿನವನ್ನು ಬರಿಗಣ್ಣಿಗೆ, ಬಹಳ ಎಂದರೆ ಗಡಿಯಾರ ರಿಪೇರಿಯವರ ಭೂತಗನ್ನಡಿಗೆ, ಐದು ನಿಮಿಷದಲ್ಲಿ ಕಾಣಬಹುದು. ಗುಜರಿ ಡಬ್ಬದಲ್ಲಿ ಇತರ ಕಬ್ಬಿಣದ ಜೊತೆ ಬಿದ್ದು ಎಣ್ಣೆ ಮೆತ್ತಿಕೊಂಡ ಮೇಲೆ ಒಂದನ್ನೂ ಓದಲಾಗದು.

ಬಿಚ್ಚುವ ಮೊದಲೂ ಸುಳಿವುಗಳಿವೆ. ಪಂಪ್ ನಿಂತಾಗಲೂ ಒಂದೇ ಸಮನೆ ಹನಿಯುತ್ತಿದ್ದರೆ ಮುಖ ಹಾಳಾಗಿದೆ ಅಥವಾ ಓ-ರಿಂಗ್ ಕೊಯ್ದುಹೋಗಿದೆ. ನಿಂತಾಗ ಒಣಗಿದ್ದು ತಿರುಗುವಾಗ ಮಾತ್ರ ಚಿಮ್ಮುತ್ತಿದ್ದರೆ ಶಾಫ್ಟಿನ ಅಲುಗಾಟದ ಕಡೆ ಬೆರಳು ತೋರಿಸಬೇಕು. ಚಾಲೂ ಮಾಡಿದ ಮೊದಲ ಕೆಲವು ನಿಮಿಷ ಸೋರಿ ಆಮೇಲೆ ನಿಂತರೆ ಮುಖಗಳು ಇನ್ನೂ ಒಂದಕ್ಕೊಂದು ಹೊಂದಿಕೊಳ್ಳುತ್ತಿವೆ. ಅಂಥ ಸೀಲನ್ನು ಅವಸರಪಟ್ಟು ಬಿಚ್ಚುವುದು ಆರೋಗ್ಯವಂತನಿಗೆ ಆಪರೇಷನ್ ಮಾಡಿದಂತೆ. ಪಂಪಿನೊಳಗೆ ಜಲ್ಲಿ ಉರುಳಿದಂತೆ ಸದ್ದು ಬರುತ್ತಿದ್ದರೆ ಕೇಳಬೇಕಾದ ಪ್ರಶ್ನೆ ಸೀಲಿನದಲ್ಲ, ಸಕ್ಷನ್ ಪೈಪಿನದು.

ಸಕ್ಷನ್ ವಿಷಯದಲ್ಲಿ ನಮ್ಮ ನೆಲಕ್ಕೇ ಒಂದು ತೊಡಕಿದೆ. ಪಂಪ್ ನೀರನ್ನು ಕೆಳಗಿನಿಂದ ಎಳೆದುಕೊಳ್ಳುತ್ತದೆ ಎನ್ನುತ್ತೇವೆ, ನಿಜವಾಗಿ ನೀರನ್ನು ಮೇಲಕ್ಕೆ ತಳ್ಳುವುದು ಹೊರಗಿನ ಗಾಳಿಯ ಒತ್ತಡ. ಸಮುದ್ರಮಟ್ಟದಲ್ಲಿ ಆ ಒತ್ತಡ 10.3 ಮೀಟರ್ ನೀರಿನ ಕಂಬಕ್ಕೆ ಸಮ. ಹಾಸನ ನಗರ ಇರುವುದು 900 ಮೀಟರ್‌ಗೂ ಎತ್ತರದಲ್ಲಿ. ಅಲ್ಲಿ ಅದು 9.3 ಮೀಟರಿನ ಆಸುಪಾಸಿಗೆ ಇಳಿಯುತ್ತದೆ. ಮಂಗಳೂರಿನಲ್ಲಿ ಯಾವ ತಕರಾರೂ ಇಲ್ಲದೆ ಓಡುವ ಪಂಪನ್ನು ಅಷ್ಟೇ ಆಳದ ಸಕ್ಷನ್‌ಗೆ ಇಲ್ಲಿ ಇಳಿಸಿದರೆ ಹತ್ತಿರ ಹತ್ತಿರ ಒಂದು ಮೀಟರಿನಷ್ಟು ಆಸರೆ ಮೊದಲೇ ಕಡಿಮೆಯಾಗಿರುತ್ತದೆ. ಬೇಸಿಗೆಯಲ್ಲಿ ಹೊಳೆ, ಬಾವಿ ತಗ್ಗಿದಾಗ ಈ ಒಂದು ಮೀಟರೇ ಪ್ರಾಣ. ನೀರು ಪಂಪಿನೊಳಗೇ ಗುಳ್ಳೆಗಟ್ಟಿ ಒಡೆಯುತ್ತದೆ, ಶಾಫ್ಟ್ ನಡುಗುತ್ತದೆ, ಸೀಲಿನ ಪೊರೆ ಹರಿಯುತ್ತದೆ. ಮಳೆಗಾಲದ ಸೋರಿಕೆಯ ಕತೆಯೇ ಬೇರೆ. ಜೂನ್, ಜುಲೈನಲ್ಲಿ ಹೇಮಾವತಿಗೂ ಅರಕಲಗೂಡು ತಾಲ್ಲೂಕಿನ ರಾಮನಾಥಪುರ, ಕೊಣನೂರು ಕಡೆಯ ಕಾವೇರಿಗೂ ಕೆಂಪು ನೀರು ಬರುತ್ತದೆ. ಆಗ ಮರಳು ಕಾರ್ಬನ್ನಿಗೆ ಕಚ್ಚಿಕೊಂಡು ಗಟ್ಟಿ ಮುಖವನ್ನು ಉಪ್ಪುಕಾಗದದಂತೆ ಉಜ್ಜುತ್ತದೆ. ಏಪ್ರಿಲ್‌ನಲ್ಲಿ ಸತ್ತ ಸೀಲಿಗೂ ಜುಲೈನಲ್ಲಿ ಸತ್ತ ಸೀಲಿಗೂ ಮದ್ದು ಬೇರೆ ಬೇರೆ. ಮೊದಲನೆಯದಕ್ಕೆ ಸಕ್ಷನ್ ಪೈಪ್ ದಪ್ಪಗೊಳಿಸಬೇಕು ಅಥವಾ ಪಂಪನ್ನು ಕೆಳಗಿಳಿಸಬೇಕು. ಎರಡನೆಯದಕ್ಕೆ ಎರಡೂ ಮುಖಗಳನ್ನು ಗಟ್ಟಿ ವಸ್ತುವಿನಲ್ಲೇ ಮಾಡಿಸಬೇಕು, ಇಲ್ಲವೇ ಸೀಲಿಗೆ ಬೇರೆಯಾಗಿ ತಿಳಿನೀರು ಹಾಯಿಸಬೇಕು. ದಿನಾಂಕವನ್ನೇ ಬರೆದಿಡದವರಿಗೆ ಈ ವ್ಯತ್ಯಾಸ ಕಾಣುವುದಾದರೂ ಹೇಗೆ? ಮೂರನೆಯ ಕಾರಣ ರೈತರದು. ತ್ರೀ ಫೇಸ್ ಕರೆಂಟ್ ಬರುವುದು ಹೊತ್ತಲ್ಲದ ಹೊತ್ತಿನಲ್ಲಿ ಎಂದು ಆಟೋ ಸ್ಟಾರ್ಟರ್ ಹಾಕಿರುತ್ತಾರೆ. ಸಕ್ಷನ್ ಪೈಪಿನ ಬುಡದ ಫುಟ್ ವಾಲ್ವ್‌ನಲ್ಲಿ ಒಂದು ಕಲ್ಲುಚೂರು ಸಿಕ್ಕಿ ಪೈಪಿನ ನೀರು ಬಾವಿಗೆ ಇಳಿದುಹೋಗಿರುತ್ತದೆ. ನಡುರಾತ್ರಿ ಕರೆಂಟ್ ಬಂದು ಪಂಪ್ ಖಾಲಿಯೇ ತಿರುಗಿದರೆ ಬೆಳಗ್ಗೆ ಹೊತ್ತಿಗೆ ಸೀಲ್ ಬೆಂದಿರುತ್ತದೆ. ಆ ರೈತ ಬದಲಿಸಬೇಕಾದದ್ದು ಮೊದಲು ಫುಟ್ ವಾಲ್ವ್, ಹಾಕಿಸಬೇಕಾದದ್ದು ಡ್ರೈ ರನ್ ರಕ್ಷಣೆ ಇರುವ ಸ್ಟಾರ್ಟರ್. ಸೀಲನ್ನಷ್ಟೇ ಬದಲಿಸಿಕೊಂಡರೆ ಮುಂದಿನ ಹುಣ್ಣಿಮೆಗೆ ಮತ್ತೆ ಅಂಗಡಿಗೆ ಹೋಗುತ್ತಾನೆ.

ಹಾಲು, ಸಕ್ಕರೆಗಳಲ್ಲಿ ಕಾರಣಗಳು ಇನ್ನೂ ಸೂಕ್ಷ್ಮ. ಡೇರಿಯ ಪಂಪಿನಲ್ಲಿ 4 ಡಿಗ್ರಿಯ ತಣ್ಣನೆ ಹಾಲು ಹರಿದ ಕೆಲವೇ ಗಂಟೆಗಳಲ್ಲಿ ತೊಳೆಯಲೆಂದು 70, 80 ಡಿಗ್ರಿಯ ಕಾಸ್ಟಿಕ್ ಸೋಡಾ ದ್ರಾವಣ, ಅದರ ಹಿಂದೆ ಆಮ್ಲ ಹರಿಯುತ್ತದೆ. ಒಂದೇ ಓ-ರಿಂಗ್ ಎಲ್ಲವನ್ನೂ ತಡೆದುಕೊಳ್ಳಬೇಕು. ವಿಟಾನ್ ರಬ್ಬರ್ ದುಬಾರಿ, ಆದ್ದರಿಂದ ಒಳ್ಳೆಯದು ಎಂದು ಹಾಕಿದರೆ ಬಿಸಿ ಕಾಸ್ಟಿಕ್ ಅದನ್ನು ಹಾಳುಮಾಡುತ್ತದೆ. ಇಪಿಡಿಎಂ ರಬ್ಬರ್ ಕಾಸ್ಟಿಕ್ಕಿಗೂ ಬಿಸಿನೀರಿಗೂ ಗಟ್ಟಿ, ಆದರೆ ಕೊಬ್ಬು ಹೆಚ್ಚಿರುವ ಕಡೆ, ಮುಖ್ಯವಾಗಿ ಬೆಣ್ಣೆ–ತುಪ್ಪದ ಸಾಲಿನಲ್ಲಿ ಉಬ್ಬುತ್ತದೆ. ಬೆಲೆಪಟ್ಟಿ ನೋಡಿ ರಬ್ಬರ್ ಆರಿಸಲಾಗದು. ಅಲ್ಲದೆ ಹಾಲಿನ ಪಂಪಿನಲ್ಲಿ ಸೋರುವ ಸೀಲ್ ಎಂದರೆ ಹಾಲು ಹೊರಗೆ ಹೋಗುವ ದಾರಿ ಮಾತ್ರವಲ್ಲ, ರೋಗಾಣು ಒಳಗೆ ಬರುವ ದಾರಿಯೂ ಹೌದು. ಸಕ್ಕರೆಯಲ್ಲಿ ಸಮಸ್ಯೆ ಪಂಪ್ ಓಡುವಾಗಿನದಲ್ಲ, ನಿಂತಾಗಿನದು. ಮುಖಗಳ ಅಂಚಿಗೆ ಜಿನುಗಿದ ಪಾಕ ಗಾಳಿಗೆ ಒಣಗಿ ಹರಳುಗಟ್ಟುತ್ತದೆ, ಎರಡು ಬಳೆಗಳನ್ನೂ ಅಂಟಿಸಿಬಿಡುತ್ತದೆ. ಮತ್ತೆ ಚಾಲೂ ಮಾಡಿದ ಕ್ಷಣದಲ್ಲಿ ಕಾರ್ಬನ್ ಕಿತ್ತುಬರುತ್ತದೆ. ಸೀಲಿನ ಹಿಂಬದಿಗೆ ಸಣ್ಣಗೆ ಬಿಸಿನೀರು ಬಿಟ್ಟು ಪಾಕವನ್ನು ತೊಳೆದುಕೊಂಡೇ ಇದ್ದರೆ ಇದು ತಪ್ಪುತ್ತದೆ. ಆ ನೀರಿನ ಕೊಳವೆ ಕಟ್ಟಿಕೊಂಡಿದೆಯೇ ಎಂದು ಯಾರೂ ನೋಡದಿದ್ದರೆ, ಜಗತ್ತಿನ ಅತ್ಯುತ್ತಮ ಸೀಲ್ ತಂದು ಹಾಕಿದರೂ ಕಬ್ಬಿನ ಹಂಗಾಮು ಮುಗಿಯುವುದರೊಳಗೆ ಅದೇ ಗತಿ.

ಇದಕ್ಕೆ ಬರುವ ಮೊದಲ ಆಕ್ಷೇಪ ಸಮಯದ್ದು. ಊರಿಗೆ ನೀರು ನಿಂತಿದೆ, ಜನ ಬಿಂದಿಗೆ ಹಿಡಿದು ನಿಂತಿದ್ದಾರೆ, ಟ್ಯಾಂಕರ್ ಹಾಲು ಕಾಯುತ್ತಿದೆ, ಅಂಥ ಹೊತ್ತಿನಲ್ಲಿ ಭೂತಗನ್ನಡಿ ಹಿಡಿದು ಕೂರಲು ಆಗುತ್ತದೆಯೇ? ಆಗುವುದಿಲ್ಲ, ಒಪ್ಪುತ್ತೇನೆ. ಆದರೆ ಮಹಜರಿಗೆ ಪಂಪ್ ನಿಲ್ಲಿಸಿಕೊಂಡು ಕಾಯಬೇಕಿಲ್ಲ. ಬಿಚ್ಚಿದ ಸೀಲಿನ ಎರಡೂ ಮುಖ, ಓ-ರಿಂಗ್, ಸ್ಪ್ರಿಂಗ್ ಇಷ್ಟನ್ನು ಒರೆಸದೆ, ತೊಳೆಯದೆ ಒಂದು ಚೀಲಕ್ಕೆ ಹಾಕಿ ಚೀಟಿ ಕಟ್ಟಿದರೆ ಸಾಕು. ಹೊಸ ಸೀಲ್ ಹಾಕಿ ಪಂಪ್ ಓಡಲಿ, ಓದುವ ಕೆಲಸ ನಾಳೆ ಆಗಲಿ. ಸೀಲ್ ಬಿಚ್ಚಿ ಶಾಫ್ಟ್ ಕೈಗೆ ಸಿಗುವಂತಿದ್ದಾಗಲೇ ಮಾಡಬೇಕಾದದ್ದು ಒಂದೇ: ಅದನ್ನು ಮೇಲೆ ಕೆಳಗೆ, ಹಿಂದೆ ಮುಂದೆ ಅಲುಗಿಸಿ ಡಯಲ್ ಗೇಜಿನಲ್ಲಿ ಅಳೆದು ಬರೆಯುವುದು. ಅರ್ಧ ಗಂಟೆಯ ಕೆಲಸ. ತಿಂಗಳಿಗೊಮ್ಮೆ ಅರ್ಧ ದಿನ ನೀರು ನಿಲ್ಲುವುದನ್ನು ಆ ಅರ್ಧ ಗಂಟೆ ತಪ್ಪಿಸುವುದಾದರೆ ಬಿಂದಿಗೆ ಹಿಡಿದವರ ಪರವಾದ ವಾದ ಯಾವುದು?

ಎರಡನೆಯ ಆಕ್ಷೇಪ ಅನುಭವಿ ಮೆಕ್ಯಾನಿಕ್‌ಗಳದು, ಅದರಲ್ಲಿ ತೂಕವಿದೆ. ಈ ನಾಜೂಕಿನ ಸೀಲ್ ಯಾಕೆ, ಗ್ಲ್ಯಾಂಡ್ ಹಗ್ಗ ಸುತ್ತಿದರೆ ಆಯಿತಲ್ಲ, ಸವೆದರೆ ಇನ್ನೊಂದು ಸುತ್ತು ಹಾಕಿ ಬಿಗಿಯಬಹುದು, ಪಂಪನ್ನೇ ಬಿಚ್ಚಬೇಕಿಲ್ಲ ಎನ್ನುತ್ತಾರೆ. ಮರಳು ತುಂಬಿದ ಹೊಳೆ ನೀರನ್ನು ಎತ್ತುವ ಕಡೆ ಅವರ ಮಾತೇ ಸರಿ. ಹೊಳೆಯ ನೀರು ನಾಲ್ಕು ಹನಿ ನೆಲಕ್ಕೆ ಬಿದ್ದರೆ ಯಾರಿಗೂ ಹಾನಿಯಿಲ್ಲ. ಆದರೆ ಗ್ಲ್ಯಾಂಡಿಗೆ ಸೋರುವುದೇ ಧರ್ಮ. ನಿಮಿಷಕ್ಕೆ ಹತ್ತಾರು ಹನಿ ಬಿದ್ದರೇನೇ ಹಗ್ಗ ತಂಪಾಗಿರುತ್ತದೆ. ಹನಿ ಕಂಡು ಸಿಟ್ಟಾದ ಮೇಲಧಿಕಾರಿ ಬಿಗಿಸಿದರೆ ಹಗ್ಗ ಸುಟ್ಟು ಶಾಫ್ಟಿನ ಸ್ಲೀವ್ ಮೇಲೆ ತೋಡು ಬೀಳುತ್ತದೆ, ಆಮೇಲೆ ಎಷ್ಟು ಹಗ್ಗ ಸುತ್ತಿದರೂ ನಿಲ್ಲದು. ಪೆಟ್ರೋಲಿಗೆ, ಹಾಲಿಗೆ ಹಗ್ಗದ ಮಾತೇ ಇಲ್ಲ. ಗ್ಲ್ಯಾಂಡ್ ಇರುವ ಕಡೆಯೂ ಇದೇ ಓದು ಬೇಕು. ಸುಟ್ಟ ಹಗ್ಗ, ತೋಡು ಬಿದ್ದ ಸ್ಲೀವ್ ಕೂಡ ಸಾಕ್ಷಿಗಳೇ.

ಹನಿ ಸೋರಿದರೆ ಏನು ಮಹಾ ಎನ್ನುವವರು ಲೆಕ್ಕ ಹಾಕಬೇಕು. ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಎಂದುಕೊಂಡರೂ ಸೆಕೆಂಡಿಗೊಂದು ಹನಿ ಎಂದರೆ ದಿನಕ್ಕೆ 4.3 ಲೀಟರ್, ವರ್ಷಕ್ಕೆ 1,500 ಲೀಟರಿಗೂ ಹೆಚ್ಚು. ನೀರಾದರೆ ಅಷ್ಟು ನಷ್ಟವಿಲ್ಲ ಎನ್ನೋಣ. ನಷ್ಟ ಬೇರೆ ಕಡೆಯಿದೆ. ಸೀಲಿನ ಪಕ್ಕದಲ್ಲೇ ಬೇರಿಂಗ್ ಇರುತ್ತದೆ. ಚಿಮ್ಮಿದ ನೀರು ಅದರ ಗ್ರೀಸಿಗೆ ಸೇರುತ್ತದೆ, ಬೇರಿಂಗ್ ಸವೆಯುತ್ತದೆ, ಶಾಫ್ಟ್ ಓಲಾಡುತ್ತದೆ, ಹಾಕಿದ ಹೊಸ ಸೀಲನ್ನು ಆ ಓಲಾಟ ಕೊಲ್ಲುತ್ತದೆ. ಸೀಲ್ ಬೇರಿಂಗನ್ನು, ಬೇರಿಂಗ್ ಸೀಲನ್ನು ತಿನ್ನುವ ಈ ಚಕ್ರ ಒಮ್ಮೆ ಶುರುವಾದರೆ ಸೀಲ್ ಬದಲಿಸುವುದರಿಂದ ನಿಲ್ಲುವುದಿಲ್ಲ.

ಕೊನೆಯ ಆಕ್ಷೇಪ ಟೆಂಡರಿನದು. ಕಡಿಮೆ ಬೆಲೆ ಬರೆದವನಿಗೇ ಕೊಡಬೇಕು, ನಿಯಮವೇ ಹಾಗಿದೆ, ರೋಗಪತ್ತೆಗೆ ಯಾವ ಲೆಕ್ಕಶೀರ್ಷಿಕೆಯಲ್ಲಿ ದುಡ್ಡು ಹಾಕುವುದು ಎಂದು ಕೇಳುತ್ತಾರೆ. ಇದು ಕುಂಟು ನೆಪವಲ್ಲ, ಕಚೇರಿಯಲ್ಲಿ ಕೂತವರ ನಿಜವಾದ ಕಷ್ಟ. ಆದರೆ ನಿಯಮ ಬೆಲೆ ಕೇಳುತ್ತದೆಯೇ ಹೊರತು ಯಾವುದರ ಬೆಲೆ ಎಂಬುದನ್ನು ನಾವೇ ಬರೆಯುತ್ತೇವೆ. 'ಒಂದು ಸೀಲಿಗೆ ಇಷ್ಟು' ಎಂದು ದರ ಕರೆಯುವ ಬದಲು 'ಈ ಪಂಪ್ ಸೋರದೆ ಓಡುವ ಸಾವಿರ ಗಂಟೆಗೆ ಇಷ್ಟು' ಎಂದು ಕರೆಯಲು ಯಾವ ಅಡ್ಡಿಯೂ ಇಲ್ಲ. ಅದಕ್ಕೆ ಬೇಕಾದ್ದು ಪಂಪಿಗೊಂದು ಗಂಟೆ ಮೀಟರ್. ಒಂದೇ ಪಂಪಿಗೆ ವರ್ಷದೊಳಗೆ ಎರಡನೆಯ ಸೀಲಿನ ಬಿಲ್ ಬಂದರೆ ಮೊದಲನೆಯದರ ಮಹಜರು ಲಗತ್ತಿಸದೆ ಪಾಸ್ ಮಾಡಬಾರದು ಎಂಬ ಒಂದು ಸಾಲನ್ನು ಸೇರಿಸಿದರೆ ಸಾಕು, ಸೀಲ್ ಮಾರುವವನಿಗೂ ಬೇರಿಂಗ್ ನೋಡುವ ಆಸಕ್ತಿ ಬರುತ್ತದೆ.

ಓದುವವರು ಯಾರು ಎಂಬ ಚಿಂತೆಯೂ ಬೇಡ. ನಮ್ಮ ಪಂಪ್ ಆಪರೇಟರ್‌ಗಳಿಗೆ, ಮೋಟರ್ ಅಂಗಡಿಯವರಿಗೆ ಬೇರಿಂಗಿನ ಸದ್ದು ಕಿವಿಯಲ್ಲಿದೆ, ಶಾಫ್ಟಿನ ನಡುಕ ಅಂಗೈಯಲ್ಲಿದೆ. ಅದು ಕಾಗದಕ್ಕೆ ಇಳಿದಿಲ್ಲ, ಆಪರೇಟರ್ ವರ್ಗವಾದರೆ ಅಥವಾ ಗುತ್ತಿಗೆ ಮುಗಿದರೆ ಪಂಪಿನ ಚರಿತ್ರೆಯೂ ಅವನೊಡನೆ ಹೊರಟುಹೋಗುತ್ತದೆ. ಹಾಸನದಲ್ಲಿ 1960ರಿಂದ ಮಲ್ನಾಡ್ ಎಂಜಿನಿಯರಿಂಗ್ ಕಾಲೇಜಿದೆ, ಮೊಸಳೆಹೊಸಹಳ್ಳಿಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ, ಐಟಿಐ, ಪಾಲಿಟೆಕ್ನಿಕ್‌ಗಳಿವೆ. ಅಂತಿಮ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುವ ಮಕ್ಕಳಿಗೆ ನಾಲ್ಕು ತಾಲ್ಲೂಕಿನ ಸತ್ತ ಸೀಲುಗಳ ಚೀಲವೊಂದನ್ನು ಕೊಟ್ಟರೆ ಅದಕ್ಕಿಂತ ದೊಡ್ಡ ಪ್ರಯೋಗಶಾಲೆ ಬೇಕಿಲ್ಲ. ಒಂದು ವರ್ಷದಲ್ಲಿ ಎಷ್ಟು ಮರಳಿನಿಂದ, ಎಷ್ಟು ಒಣ ಓಟದಿಂದ, ಎಷ್ಟು ಕೂರಿಸಿದ ತಪ್ಪಿನಿಂದ ಎಂದು ಅವರು ಎಣಿಸಿಕೊಟ್ಟರೆ ಮುಂದಿನ ಟೆಂಡರ್ ಊಹೆಯ ಮೇಲೆ ನಿಲ್ಲುವುದಿಲ್ಲ. ಕೂರಿಸಿದ ತಪ್ಪು ಹೊರಬಿದ್ದಾಗ ಮೆಕ್ಯಾನಿಕ್‌ಗೆ ದಂಡ ಹಾಕುವ ಗೋಜಿಗೆ ಮಾತ್ರ ಹೋಗಬಾರದು. ಹಾಗೆ ಮಾಡಿದ ದಿನದಿಂದ ಚೀಲಗಳು ಖಾಲಿ ಬರತೊಡಗುತ್ತವೆ.

ಚೀಟಿಯಲ್ಲಿ ಆರು ಸಾಲು ಇದ್ದರೆ ಆಯಿತು. ಪಂಪಿನ ನಂಬರು, ಬಿಚ್ಚಿದ ದಿನ, ಹಾಕಿದ ಮೇಲೆ ಓಡಿದ ಗಂಟೆ, ನಿಂತಾಗ ಸೋರುತ್ತಿತ್ತೇ ತಿರುಗುವಾಗಲೇ, ಶಾಫ್ಟಿನ ಅಲುಗಾಟ ಎಷ್ಟು, ಬಾವಿಯಲ್ಲಿ ಅಥವಾ ಹೊಳೆಯಲ್ಲಿ ನೀರಿನ ಮಟ್ಟ ಎಷ್ಟಿತ್ತು. ಎಲ್ಲವೂ ಕನ್ನಡದಲ್ಲಿರಲಿ, ಬರೆಯುವವನು ಆಪರೇಟರ್. ಈ ಸಲ ಹೇಮಾವತಿಗೆ ಮೊದಲ ಕೆಂಪು ನೀರು ಬರುವ ಹೊತ್ತಿಗೆ ಪಂಪ್‌ಹೌಸಿನ ಗೋಡೆಗೆ ಒಂದು ಮೊಳೆ, ಆ ಮೊಳೆಗೆ ಒಂದು ಚೀಲ, ಚೀಲದ ಬಾಯಿಗೆ ದಾರ ಕಟ್ಟಿದ ಒಂದು ಪೆನ್ಸಿಲ್ ನೇತಾಡುತ್ತಿರಲಿ.